ಕೌದಿ ಹೊಲಿಯುವ ಮುನ್ನ ಹೊಸ ಬಟ್ಟೆ ತೊಳೆಯಬೇಕೆ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಒಂದು ದೊಡ್ಡ ಕೌದಿ (60 ಇಂಚು ಅಗಲ, 90 ಇಂಚು ಉದ್ದ), ಕೂಸಿಗೆ ಒಂದು ಚಿಕ್ಕ ಕೌದಿ ಹೊಲಿಯುವ ಮನಸ್ಸಿದೆ. ಅಮ್ಮನ ಮೂರು ಹಳೇ ನೂಲಿನ ಸೀರೆಗಳೂ ಒಂದು ಇಳಕಲ್ ಸೀರೆಯೂ ಇವೆ. ಮೇಲಿನ ತೇಪೆಗಳಿಗೆ ಹೊಸ ಪ್ರಿಂಟ್ ಕಾಟನ್, ಅಸ್ತರಿಗೆ 44 ಇಂಚು ಪನ್ನದ (ಅಗಲದ) ಕೋರಾ (ಬಿಳುಪು ಮಾಡದ) ಬಟ್ಟೆ 5 ಮೀಟರ್ ತಂದಿದ್ದೇನೆ. ಹೊಸ ಬಟ್ಟೆ ತೊಳೆದರೆ ಮೆತ್ತಗಾಗಿ ಕತ್ತರಿಸಲು ಬರುವುದಿಲ್ಲ ಎಂದು ನಮ್ಮ ಟೈಲರ್ ಹೇಳುತ್ತಾರೆ. ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವ ತಂಗಿಯೂ ತೊಳೆಯುವುದಿಲ್ಲವಂತೆ. ಏನು ಮಾಡಲಿ? — ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ಕೌದಿಗೆ ತೊಳೆಯಲೇಬೇಕು. ಟೈಲರ್ ಹೇಳಿದ್ದೂ ತಂಗಿ ಮಾಡುವುದೂ ತಪ್ಪಲ್ಲ, ಅವರ ಕೆಲಸವೇ ಬೇರೆ. ತಂಗಿಯ ಕ್ವಿಲ್ಟಿನಲ್ಲಿ ಮೇಲಿನ ಚೂರುಗಳು, ಅಸ್ತರು ಎರಡೂ ಹೊಸವು. ಒಗೆದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕುಗ್ಗುತ್ತವೆ. ನಿಮ್ಮದರಲ್ಲಿ ನೂರಾರು ಸಲ ಒಗೆದ ಸೀರೆಯ ಪಕ್ಕದಲ್ಲಿ ಒಮ್ಮೆಯೂ ನೀರು ಕಾಣದ ಬಟ್ಟೆ ಕೂರುತ್ತದೆ. ತೊಂದರೆ ಇರುವುದು ಇಲ್ಲಿಯೇ. ಹಳೆಯದು ಕುಗ್ಗುವಷ್ಟು ಕುಗ್ಗಿ ಮುಗಿದಿದೆ, ಹೊಸದು ಇನ್ನೂ ಶುರುವೇ ಮಾಡಿಲ್ಲ. ಕೌದಿಗೆ ಸೇರುವ ಎಲ್ಲ ಬಟ್ಟೆಯನ್ನೂ ಹೊಲಿಗೆಗೆ ಮೊದಲೇ ಒಂದೇ ಸ್ಥಿತಿಗೆ ತರಬೇಕು. ತೊಳೆಯುವುದು ಅದಕ್ಕಾಗಿ.

ಬಟ್ಟೆ ಕುಗ್ಗುವುದು ಹೇಗೆಂದು ತಿಳಿದರೆ ಮುಂದಿನದೆಲ್ಲ ಸುಲಭ. ಮಗ್ಗದ ಮೇಲೆ ಹಾಸಿನ (ಉದ್ದದ) ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಗಿರಣಿಯಲ್ಲಿ ಬಣ್ಣ ಹಾಕಿ ಒಣಗಿಸುವಾಗ ಇನ್ನಷ್ಟು ಎಳೆಯುತ್ತಾರೆ. ನೀರು ತಾಗಿದಾಗ ಹತ್ತಿಯ ನಾರು ಉಬ್ಬಿ ಎಳೆ ದಪ್ಪವಾಗುತ್ತದೆ. ದಪ್ಪವಾದ ಹೊಕ್ಕಿನ (ಅಡ್ಡ ಎಳೆಯ) ಮೇಲೆ ಕೆಳಗೆ ಬಳಸಿ ಹೋಗಬೇಕಾದ ಹಾಸಿನ ಎಳೆಗೆ ದಾರಿ ಉದ್ದವಾಗುತ್ತದೆ. ಎಳೆ ಉದ್ದವಾಗಲಾರದು, ಆದ್ದರಿಂದ ಬಟ್ಟೆಯೇ ಮುದುರುತ್ತದೆ. ಬಟ್ಟೆ ಸಾಮಾನ್ಯವಾಗಿ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಕುಗ್ಗುವುದು ಇದರಿಂದಲೇ. ಬಹುಪಾಲು ಮೊದಲ ಒಗೆತದಲ್ಲೇ ಆಗಿಹೋಗುತ್ತದೆ, ಉಳಿದದ್ದು ಎರಡನೆಯ, ಮೂರನೆಯ ಸಲಕ್ಕೆ.

ಒಳ್ಳೆಯ ಗಿರಣಿ ಕಾಟನ್ ಶೇ. 3ರಿಂದ 5ರಷ್ಟು ಕುಗ್ಗುತ್ತದೆ. ಸ್ಯಾನ್ಫರೈಸ್ ಮಾಡಿದ್ದು, ಅಂದರೆ ಗಿರಣಿಯಲ್ಲೇ ಯಂತ್ರದಿಂದ ಮೊದಲೇ ಕುಗ್ಗಿಸಿದ್ದು, ಶೇ. 1 ಕೂಡ ಕುಗ್ಗುವುದಿಲ್ಲ. ಕೈಮಗ್ಗದ್ದು ಗಿರಣಿಯದಕ್ಕಿಂತ ಹೆಚ್ಚು. ಕೋರಾ ಬಟ್ಟೆಗೆ ಮಗ್ಗದಿಂದ ಇಳಿದ ಮೇಲೆ ಯಾವ ಸಂಸ್ಕಾರವೂ ಆಗಿರುವುದಿಲ್ಲ, ಅದು ಶೇ. 10ರವರೆಗೂ ಹೋಗಬಹುದು. ಪಾಲಿಯೆಸ್ಟರ್ ಬೆರೆತದ್ದು ಬಹಳ ಕಡಿಮೆ.

ಈಗ ಲೆಕ್ಕ ನೋಡಿ. 6 ಇಂಚಿನ ಹೊಸ ತೇಪೆ ಶೇ. 5 ಕುಗ್ಗಿದರೆ ಸುಮಾರು ಕಾಲು ಇಂಚಿಗಿಂತ ತುಸು ಹೆಚ್ಚು ಕಳೆದುಕೊಳ್ಳುತ್ತದೆ. ಪಕ್ಕದ ಸೀರೆಯ ತೇಪೆ ಕುಗ್ಗುವುದಿಲ್ಲ, ಕೂಡುಹೊಲಿಗೆಯ ಉದ್ದಕ್ಕೂ ಸುಕ್ಕು ಬೀಳುತ್ತದೆ. ಇದು ನೋಟದ ದೋಷ, ಸಹಿಸಿಕೊಳ್ಳಬಹುದು. ಅಸ್ತರಿನದು ಸಹಿಸುವಂಥದ್ದಲ್ಲ. 90 ಇಂಚಿನ ಕೋರಾ ಶೇ. 10 ಕುಗ್ಗಿದರೆ 9 ಇಂಚು ಹೋಯಿತು. ಮೇಲಿನ ಹಳೇ ಸೀರೆ ಅಷ್ಟೇ ಇರುತ್ತದೆ, ಅಸ್ತರು ಅದನ್ನು ಒಳಗೆ ಎಳೆಯುತ್ತದೆ. ಮೇಲ್ಮೈ ಗುಡ್ಡೆಗುಡ್ಡೆಯಾಗಿ ಏಳುತ್ತದೆ, ಟಾಕಿಗಳ (ಹೊಲಿಗೆಗಳ) ಮೇಲೆ ಜಗ್ಗಾಟ ಬೀಳುತ್ತದೆ. ದಾರ ಗಟ್ಟಿಯಾಗಿದ್ದರೆ ಹರಿಯುವುದು ದಾರವಲ್ಲ, ಅಮ್ಮನ ಸೀರೆ. ಸವೆದ ಬಟ್ಟೆ ಸೂಜಿ ತೂತಿನ ಪಕ್ಕದಲ್ಲೇ ಸೀಳುತ್ತದೆ. ತೊಳೆಯದ ಅಸ್ತರಿನ ಮೇಲೆ ಹಳೇ ಸೀರೆ ಹೊಲಿದ ಕೌದಿ ಕೆಡುವುದು ಹೆಚ್ಚಾಗಿ ಹೀಗೆಯೇ.

ಮೆತ್ತಗಾಗುತ್ತದೆ ಎಂಬ ಟೈಲರ್ ಮಾತಿಗೆ ಬರೋಣ. ಮಷಿನ್ ಹೊಲಿಗೆಗೆ, ಚೌಕಗಳನ್ನು ಕರಾರುವಾಕ್ಕಾಗಿ ಕತ್ತರಿಸುವುದಕ್ಕೆ ಗಂಜಿಯ ಬಿಗಿ ನಿಜಕ್ಕೂ ಅನುಕೂಲ. ಆದರೆ ಕೌದಿ ಕೈಹೊಲಿಗೆ. ಅಸ್ತರು, ನಡುವೆ ಎರಡು ಮೂರು ಪದರ ಸೀರೆ, ಮೇಲೆ ತೇಪೆ, ಹೀಗೆ ನಾಲ್ಕೈದು ಪದರಗಳನ್ನು ಸೂಜಿ ದಾಟಬೇಕು. ಗಂಜಿ ತುಂಬಿದ ಹೊಸ ಬಟ್ಟೆಯಲ್ಲಿ ಸೂಜಿ ತಡೆಯುತ್ತದೆ, ಟಾಕಿ ದೊಡ್ಡದಾಗುತ್ತದೆ, ಬೆರಳು ನೋಯುತ್ತದೆ. ಕೈಯಿಂದ ಹೊಲಿಯುವವರಿಗೆ ತೊಳೆದ ಬಟ್ಟೆಯೇ ಹಿತ. ಕತ್ತರಿಸುವಾಗ ಬಿಗಿ ಬೇಕೆನಿಸಿದರೆ ತೊಳೆದ ಮೇಲೆ ತೆಳು ಅನ್ನದ ಗಂಜಿ ಚಿಮುಕಿಸಿ ಇಸ್ತ್ರಿ ಮಾಡಿ. ಕೌದಿ ಮುಗಿದ ಮೇಲೆ ಆ ಗಂಜಿಯನ್ನು ತೊಳೆದು ತೆಗೆಯಬೇಕು, ಗಂಜಿ ಉಳಿದ ಬಟ್ಟೆಯನ್ನು ಟ್ರಂಕಿನಲ್ಲಿಟ್ಟರೆ ಜಿರಲೆ ತಿನ್ನುತ್ತದೆ.

ಕೂಸಿನ ಕೌದಿಗಂತೂ ಚರ್ಚೆಯೇ ಬೇಡ. ಸುಕ್ಕು ಬೀಳದಂತೆ ಮಾಡುವ ಕೆಲವು ಲೇಪಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಬಣ್ಣ ಹಾಕುವಾಗಿನ ರಾಸಾಯನಿಕಗಳೂ ಉಳಿದಿರುತ್ತವೆ. ಒಗೆದರೆ ಇವು ಬಹಳಷ್ಟು ಕಡಿಮೆಯಾಗುತ್ತವೆ. ಕೂಸಿನ ಚರ್ಮಕ್ಕೆ ತಾಗುವ ಬಟ್ಟೆಯನ್ನು ಎರಡು ಸಲ ತೊಳೆಯಿರಿ, ಸೋಪಿನ ಅಂಶ ಉಳಿಯದಂತೆ ಜಾಲಾಡಿ. ಸುವಾಸನೆಯ ದ್ರಾವಣ ಹಾಕಬೇಡಿ.

ಬಣ್ಣದ ಮಾತು

ಕುಗ್ಗುವಿಕೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಬಣ್ಣದ ಬಗ್ಗೆ. ಸುಕ್ಕಾದ ಕೌದಿಯನ್ನು ಹೊದೆಯಬಹುದು. ಬಿಳಿಯ ಮೇಲೆ ಕೆಂಪು ಹರಿದ ಕೌದಿ ಕಣ್ಣಿಗೆ ಚುಚ್ಚುತ್ತಲೇ ಇರುತ್ತದೆ. ಕೆಂಪು, ಮರೂನ್, ಕಡುನೀಲಿ, ಕಪ್ಪು, ದಟ್ಟ ಹಸಿರು, ಈ ಐದನ್ನು ಪರೀಕ್ಷಿಸದೆ ಕತ್ತರಿ ಹಾಕಬೇಡಿ.

ಈಗಿನ ಕಾಟನ್ ಪ್ರಿಂಟುಗಳಲ್ಲಿ ಬಹಳಷ್ಟು ರಿಯಾಕ್ಟಿವ್ ಬಣ್ಣದವು. ಈ ಬಣ್ಣ ನಾರಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಬೆಸೆದದ್ದು ಬಿಡುವುದಿಲ್ಲ. ನೀರಿಗೆ ಬರುವುದು ಬೆಸೆಯದೆ ಮೇಲೆ ಅಂಟಿಕೊಂಡು ಉಳಿದ ಹೆಚ್ಚುವರಿ ಬಣ್ಣ. ಬಿಸಿನೀರಲ್ಲಿ ಎರಡು ಮೂರು ಸಲ ತೊಳೆದರೆ ಅದು ಮುಗಿಯುತ್ತದೆ. ಅಗ್ಗದ ಡೈರೆಕ್ಟ್ ಬಣ್ಣಗಳ ಕಥೆ ಬೇರೆ. ಅವಕ್ಕೆ ಅಂಥ ಬೆಸುಗೆ ಇಲ್ಲ, ಪ್ರತಿ ಒಗೆತಕ್ಕೂ ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರುತ್ತವೆ. ನೀಲಿ ಇಂಡಿಗೊ ನೀರಿಗೆ ಬಿಡುವುದಕ್ಕಿಂತ ಉಜ್ಜಿದಾಗ ಹೆಚ್ಚು ಬಿಡುತ್ತದೆ.

ಪರೀಕ್ಷೆ ಹೀಗೆ ಮಾಡಿ. ಎರಡು ಇಂಚಿನ ಚೂರನ್ನು ಬಿಳಿ ಬಟ್ಟಲಲ್ಲಿ ಕೈ ತಾಳುವಷ್ಟು ಬಿಸಿನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ಬಿಡಿ. ನೀರು ಬಣ್ಣಕ್ಕೆ ತಿರುಗಿದರೆ ಹೆಚ್ಚುವರಿ ಬಣ್ಣ ಇದೆ ಎಂದಾಯಿತು, ಅಷ್ಟಕ್ಕೇ ಬಟ್ಟೆ ಕೆಟ್ಟದ್ದಲ್ಲ. ನೀರು ಚೆಲ್ಲಿ, ಒದ್ದೆ ಚೂರನ್ನು ಬಿಳಿ ಹತ್ತಿ ಬಟ್ಟೆಯ ಮೇಲಿಟ್ಟು ಮೇಲೊಂದು ಭಾರ ಹೇರಿ ಒಣಗಲು ಬಿಡಿ. ಅಲ್ಲಿ ಕಲೆ ಬಿದ್ದರೆ ಅದು ಕೌದಿಯಲ್ಲೂ ಬೀಳುತ್ತದೆ. ಇನ್ನೊಂದು ಚೂರನ್ನು ಒಣಗಿದ್ದಾಗ ಒಮ್ಮೆ, ಒದ್ದೆಯಾಗಿದ್ದಾಗ ಒಮ್ಮೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ.

ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತ ನಂಬಿಕೆ. ಉಪ್ಪಿರುವ ನೀರಿನಲ್ಲಿ ಬಣ್ಣ ಕರಗಿ ಹೊರಬರುವುದು ಕಡಿಮೆ ನಿಜ, ನೀರು ತಿಳಿಯಾಗಿ ಕಾಣುತ್ತದೆ. ಆದರೆ ಬಣ್ಣ ಅಲ್ಲೇ ಕೂತಿರುತ್ತದೆ, ಮುಂದಿನ ಸಲ ಬರೀ ನೀರು ತಾಗಿದಾಗ ಹೊರಬರುತ್ತದೆ. ನಮಗೆ ಬೇಕಾದದ್ದು ಹೆಚ್ಚುವರಿ ಬಣ್ಣ ಈಗಲೇ ಹೋಗುವುದು. ಉಪ್ಪು ಅದನ್ನು ಮುಂದಕ್ಕೆ ತಳ್ಳುತ್ತದೆ ಅಷ್ಟೆ. ವಿನೆಗರ್ ಕೆಲಸಕ್ಕೆ ಬರುವುದು ರೇಷ್ಮೆ, ಉಣ್ಣೆಗೆ ಹಾಕುವ ಆಸಿಡ್ ಬಣ್ಣಗಳಿಗೆ, ಹತ್ತಿಗಲ್ಲ. ಪಟಿಕವನ್ನು ಗಿಡಮೂಲದ ಬಣ್ಣ ಹಾಕುವಾಗ ಬಳಸುತ್ತಾರೆ, ಗಿರಣಿ ಬಣ್ಣವನ್ನು ಅದು ಕಟ್ಟಿಹಾಕುವುದಿಲ್ಲ.

ನಾಲ್ಕು ಸಲ ಬಿಸಿನೀರಲ್ಲಿ ತೊಳೆದ ಮೇಲೂ ಬಿಳಿ ಬಟ್ಟೆಯ ಮೇಲೆ ಕಲೆ ಬೀಳುತ್ತಿದ್ದರೆ ಆ ಬಟ್ಟೆಯನ್ನು ಈ ಕೌದಿಯಿಂದ ಹೊರಗಿಡಿ. ಎಷ್ಟೇ ಚೆಂದವಿರಲಿ. ಬಣ್ಣದ ಅಂಗಡಿಗಳಲ್ಲಿ ಕಾಟನ್ ಬಣ್ಣ ಹಿಡಿದಿಡುವ ಫಿಕ್ಸರ್ ದ್ರಾವಣ ಸಿಗುತ್ತದೆ, ಹೆಚ್ಚುವರಿ ಬಣ್ಣವನ್ನು ತೊಳೆದು ತೆಗೆದ ನಂತರ ಅದನ್ನು ಬಳಸಬಹುದು. ಆದರೆ ಕೂಸಿನ ಕೌದಿಗೆ ಬೇಡ.

ಕೌದಿಯವರು ಪರೀಕ್ಷೆಗೆ ಹಚ್ಚಲು ಮರೆಯುವ ಎರಡು ವಸ್ತುಗಳಿವೆ. ಒಂದು ದಾರ. ದಪ್ಪ ಕೆಂಪು ನೂಲಿನಲ್ಲಿ ಸಾಲುಸಾಲಾಗಿ ಹೊಲಿದು, ಮೊದಲ ಒಗೆತಕ್ಕೆ ಪ್ರತಿ ಸಾಲಿನ ಪಕ್ಕ ಗುಲಾಬಿ ಗೆರೆ ಬಿದ್ದರೆ ಬಿಚ್ಚುವುದಕ್ಕೂ ಬರುವುದಿಲ್ಲ. ಒಂದು ಗೇಣು ದಾರವನ್ನು ಬಿಸಿನೀರಲ್ಲಿ ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದರೆ ಸಾಕು. ಇನ್ನೊಂದು ಮೂಲೆಯ ಅಲಂಕಾರ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ತಮ್ಮ ಕವಂದಿಯ (ಕೌದಿಯ) ಮೂಲೆಗಳಿಗೆ ಮಡಿಚಿದ ಬಣ್ಣದ ಚೂರುಗಳಿಂದ ಫುಲಾ ಕೂರಿಸುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾಗದು. ನೀವೂ ಹಾಗೆ ಮಾಡುವುದಾದರೆ, ಚಿಕ್ಕ ಚೂರಲ್ಲವೇ ಎಂದು ತೊಳೆಯದ ಹೊಸ ಕೆಂಪು ಬಟ್ಟೆಯನ್ನು ಬಳಸಬೇಡಿ. ಅದು ಹಲವು ಮಡಿಕೆಯದು, ನಿಧಾನ ಒಣಗುತ್ತದೆ, ಒದ್ದೆ ಹೆಚ್ಚು ಹೊತ್ತು ನಿಂತಷ್ಟೂ ಬಣ್ಣ ಹರಿಯುತ್ತದೆ.

ತೊಳೆಯುವ ಕ್ರಮ

ಮೊದಲು ಕುಗ್ಗುವ ಅಳತೆ ತಿಳಿದುಕೊಳ್ಳಿ. ಪ್ರತಿ ಹೊಸ ಬಟ್ಟೆಯಿಂದ 12 ಇಂಚಿನ ಚೂರು ತೆಗೆದು, ಅದರೊಳಗೆ ಬಾಲ್ ಪೆನ್ನಿನಿಂದ ಸರಿಯಾಗಿ 10 ಇಂಚಿನ ಚೌಕ ಬರೆಯಿರಿ, ಉದ್ದದ ದಿಕ್ಕಿಗೆ ಬಾಣ ಹಾಕಿ. ಮುಂದೆ ಕೌದಿಯನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಅಳೆಯಿರಿ. 9 ಮುಕ್ಕಾಲು ಬಂದರೆ ಶೇ. 2.5, 9 ಇಂಚು ಬಂದರೆ ಶೇ. 10. ಇಡೀ ಬಟ್ಟೆಗೆ ಕೈ ಹಾಕುವ ಮುನ್ನವೇ ಕೊರತೆ ಗೊತ್ತಾಗುತ್ತದೆ.

ಬಟ್ಟೆಯ ಕತ್ತರಿಸಿದ ಎರಡೂ ತುದಿಗೆ ಮಷಿನ್‌ನಲ್ಲಿ ಜಿಗ್‌ಜಾಗ್ ಹೊಡೆಯಿರಿ, ಇಲ್ಲವೆ ಕೈಯಲ್ಲೇ ಸಡಿಲವಾಗಿ ಮಡಿಚಿ ಹೊಲಿಯಿರಿ. ಹಾಗೆ ಮಾಡದಿದ್ದರೆ ಎಳೆ ಬಿಚ್ಚಿಕೊಂಡು ಒಂದಕ್ಕೊಂದು ಸುತ್ತಿ, ಬಿಡಿಸುವಷ್ಟರಲ್ಲಿ ಎರಡು ಇಂಚು ಬಟ್ಟೆ ಹೋಗಿರುತ್ತದೆ. ಅರ್ಧ ಮೀಟರಿಗಿಂತ ಚಿಕ್ಕ ತುಂಡುಗಳಿಗೆ ನಾಲ್ಕು ಮೂಲೆಯನ್ನೂ ಓರೆಯಾಗಿ ಚೂರೇ ಕತ್ತರಿಸಿದರೆ ಬಿಚ್ಚುವುದು ಕಡಿಮೆಯಾಗುತ್ತದೆ, ಅವನ್ನು ಕೈಯಲ್ಲೇ ತೊಳೆಯಿರಿ.

ಪ್ರಿಂಟ್ ಬಟ್ಟೆಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ. 10 ಲೀಟರ್ ಬಕೆಟ್ಟಿಗೆ ಒಂದು ದೊಡ್ಡ ಚಮಚ ಸೋಪಿನ ಪುಡಿ ಸಾಕು. ತೆಳು ಬಣ್ಣದವಕ್ಕೆ ಉಗುರುಬೆಚ್ಚಗಿನ ನೀರು ಆಗುತ್ತದೆ. ದಟ್ಟ ಬಣ್ಣದವನ್ನು ಒಂದೊಂದಾಗಿ, 60 ಡಿಗ್ರಿಯ ಸುಮಾರಿನ ಬಿಸಿನೀರಲ್ಲಿ, ಬಟ್ಟೆ ಸಡಿಲವಾಗಿ ತೇಲುವಷ್ಟು ನೀರು ಹಾಕಿ ಮುಳುಗಿಸಿ, ಆಗಾಗ ಕೋಲಿನಿಂದ ತಿರುವಿ. ಅರ್ಧ ಗಂಟೆಯಾದ ಮೇಲೆ ನೀರು ಬದಲಿಸಿ. ಜಾಲಿಸುವ ನೀರು ತಿಳಿಯಾಗುವವರೆಗೂ ಬಿಡಬೇಡಿ. ಒದ್ದೆ ಬಟ್ಟೆಗಳನ್ನು ಒಂದರ ಮೇಲೊಂದು ರಾಶಿ ಹಾಕಿ ಬಿಡುವುದೇ ದೊಡ್ಡ ತಪ್ಪು, ಕಲೆ ಹತ್ತುವುದು ಆಗಲೇ. ಬೋರ್‌ವೆಲ್‌ನ ಗಡಸು ನೀರಿದ್ದರೆ ಬಾರ್ ಸೋಪು ಬಳಸಬೇಡಿ, ಅದು ನೀರಿನ ಸುಣ್ಣದ ಜೊತೆ ಸೇರಿ ಬೂದು ಜಿಡ್ಡಾಗಿ ಬಟ್ಟೆಗೆ ಹತ್ತುತ್ತದೆ.

ಕೋರಾಕ್ಕೆ ಹೆಚ್ಚು ಕೆಲಸ. ಮಗ್ಗಕ್ಕೆ ಹಾಕುವಾಗ ಹಾಸಿನ ಎಳೆಗಳಿಗೆ ಕೊಟ್ಟ ಗಂಜಿ, ಹತ್ತಿಯ ಸಹಜ ಮೇಣ ಎರಡೂ ಅದರಲ್ಲಿ ಉಳಿದಿರುತ್ತವೆ. ಒಂದು ಹನಿ ನೀರು ಬಿಟ್ಟು ನೋಡಿ, ಹೀರದೆ ಮೇಲೆಯೇ ನಿಲ್ಲುತ್ತದೆ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ. ಬೇಸಿಗೆಯಲ್ಲಿ 12 ಗಂಟೆ ಮೀರಿದರೆ ಗಂಜಿ ಹುಳಿತು ವಾಸನೆ ಹೊಡೆಯುತ್ತದೆ, ನೀರು ಬದಲಿಸಿ. ಬೆಳಿಗ್ಗೆ ಆ ನೀರು ಚೆಲ್ಲಿ, ಸೋಪಿನ ಪುಡಿ ಮತ್ತು ಒಂದು ಚಮಚ ಬಟ್ಟೆ ಸೋಡಾ ಹಾಕಿದ ಬಿಸಿನೀರಲ್ಲಿ ಒಂದು ಗಂಟೆ ಬಿಟ್ಟು ಒಗೆಯಿರಿ. ಗಂಜಿ ಹೋಯಿತೇ ಎಂದು ತಿಳಿಯಲು ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ನನ್ನು ನೀರಲ್ಲಿ ತೆಳುಮಾಡಿ ಅಂಚಿನ ಒಂದು ಚೂರಿನ ಮೇಲೆ ಹನಿಸಿ. ಕಪ್ಪುನೀಲಿಯಾದರೆ ಗಂಜಿ ಇದೆ, ಮತ್ತೊಮ್ಮೆ ತೊಳೆಯಬೇಕು. ಹಳದಿಯಾಗಿಯೇ ಉಳಿದರೆ ಹೋಗಿದೆ. ಕೋರಾವನ್ನು ಎರಡು ಸಲ ಒಗೆದು ಒಣಗಿಸಿಯೇ ಅಳತೆಗೆ ಕೂರಿ.

ಹಿಂಡುವಾಗ ಬಟ್ಟೆಯನ್ನು ತಿರುಚಬೇಡಿ, ನೇಯ್ಗೆ ಓರೆಯಾಗುತ್ತದೆ. ನೆರಳಲ್ಲಿ, ಅಂಚು ನೇರವಾಗಿರುವಂತೆ ಹರವಿ. ಪೂರ್ತಿ ಒಣಗುವ ಮೊದಲೇ, ಸ್ವಲ್ಪ ಹಸಿ ಇರುವಾಗ ಇಸ್ತ್ರಿ ಮಾಡಿ, ಎಳೆಯದೆ ಒತ್ತಿ ಎತ್ತಿ. ನಂತರ ಒಂದು ತುದಿಯಲ್ಲಿ ಸಣ್ಣ ಕಚ್ಚು ಹಾಕಿ ಅಡ್ಡಕ್ಕೆ ಹರಿಯಿರಿ. ಗಿರಣಿ ಬಟ್ಟೆ ಅಂಗಡಿಯಲ್ಲಿ ನೇರವಾಗಿ ಕಂಡರೂ ಒಳಗೆ ಓರೆ ಎಳೆದಿರುವುದು ಸಾಮಾನ್ಯ, ತೊಳೆದ ಮೇಲೆ ಅದು ಬಯಲಾಗುತ್ತದೆ. ಹರಿದ ಗೆರೆಯೇ ನಿಜವಾದ ಹೊಕ್ಕಿನ ಗೆರೆ, ಅಲ್ಲಿಂದ ಅಳೆಯಿರಿ.

ನಿಮ್ಮ 5 ಮೀಟರ್ ಕೋರಾ

5 ಮೀಟರ್ ಎಂದರೆ 197 ಇಂಚು. ಅರ್ಧ ಮಾಡಿದರೆ ಒಂದೊಂದು ಪಟ್ಟಿ 98 ಇಂಚು. ಶೇ. 10 ಕುಗ್ಗಿದರೆ 88 ಇಂಚು ಉಳಿಯುತ್ತದೆ. ಪನ್ನ 44ರಿಂದ 40ರ ಹತ್ತಿರ ಬರುತ್ತದೆ ಎಂದುಕೊಳ್ಳಿ. ಅಸ್ತರು ಕೌದಿಗಿಂತ ಸುತ್ತಲೂ 3 ಇಂಚು ದೊಡ್ಡದಿರಬೇಕು, ಹೊಲಿಯುತ್ತಾ ಹೋದಂತೆ ಟಾಕಿಗಳೂ ಬಟ್ಟೆಯನ್ನು ಒಳಗೆ ಸೆಳೆಯುತ್ತವೆ. ಅಂದರೆ ನಿಮಗೆ 66ಕ್ಕೆ 96 ಬೇಕು, ಉದ್ದದಲ್ಲಿ 8 ಇಂಚು ಕಡಿಮೆ ಬೀಳುತ್ತದೆ. ಹೊಸದು ತರಬೇಕಿಲ್ಲ. ಅಗಲಕ್ಕೆ ಒಂದು ಪಟ್ಟಿ ಪೂರ್ತಿ, ಇನ್ನೊಂದರಲ್ಲಿ 27 ಇಂಚು ಸಾಕು. ಎರಡನೆಯದರಲ್ಲಿ 13 ಇಂಚು ಅಗಲದ ಉದ್ದ ಪಟ್ಟಿ ಉಳಿಯುತ್ತದೆ. ಅದನ್ನು 66 ಇಂಚಿಗೆ ಕತ್ತರಿಸಿ ಅಡ್ಡಲಾಗಿ ತುದಿಗೆ ಕೂಡಿಸಿ. ಉದ್ದ 100 ಇಂಚಾಗುತ್ತದೆ. ಇಷ್ಟಾದ ಮೇಲೂ ತೊಳೆಯದೆ ಹೊಲಿದಿದ್ದರೆ ಈ ಕೊರತೆಯೆಲ್ಲ ಕೌದಿಯ ಒಳಗೇ ಆಗುತ್ತಿತ್ತು ಎಂಬುದನ್ನು ನೋಡಿ.

ಮುಂದಿನ ಸಲ ಕೊಳ್ಳುವಾಗ ಪ್ರಿಂಟಿಗೆ ಶೇ. 5ರಿಂದ 8, ಕೋರಾಕ್ಕೆ ಶೇ. 10ರಿಂದ 12 ಹೆಚ್ಚಿಗೆ ತನ್ನಿ. ಕಾಟನ್ ಎಂದು ಕೊಡುವ ಕುರ್ತಾ ಪ್ರಿಂಟುಗಳಲ್ಲಿ ರೇಯಾನ್ ಬಹಳ. ಸುಟ್ಟು ನೋಡಿದರೆ ಎರಡೂ ಕಾಗದದಂತೆಯೇ ಉರಿಯುತ್ತವೆ, ತಿಳಿಯುವುದಿಲ್ಲ. ಒಂದು ಎಳೆ ಬಿಡಿಸಿ ಒದ್ದೆ ಮಾಡಿ ಜಗ್ಗಿ. ಹತ್ತಿಯ ಎಳೆ ಗಟ್ಟಿಯಾಗಿಯೇ ಇರುತ್ತದೆ, ರೇಯಾನ್ ಸುಲಭವಾಗಿ ಕಡಿದುಹೋಗುತ್ತದೆ. ಒದ್ದೆಯಾದಾಗ ಹೀಗೆ ಬಲ ಕಳೆದುಕೊಳ್ಳುವ, ಹತ್ತಿಗಿಂತ ಹೆಚ್ಚು ಕುಗ್ಗುವ ಬಟ್ಟೆ ಕೌದಿಗೆ ತಕ್ಕದ್ದಲ್ಲ.

ಅಮ್ಮನ ಸೀರೆಗಳನ್ನೂ ಒಮ್ಮೆ ತೊಳೆಯಿರಿ, ಕುಗ್ಗಿಸಲಿಕ್ಕಲ್ಲ. ಹಳೇ ಗಂಜಿ, ನುಸಿಗುಳಿಗೆಯ ವಾಸನೆ, ಮಡಿಕೆಯ ದೂಳು ಹೋಗಬೇಕು. ತೊಳೆಯುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ತೆಳುವಾದ ಜಾಗ ಗುರುತಿಸಿ, ಎರಡು ಹೆಬ್ಬೆರಳಿನ ನಡುವೆ ಮೆಲ್ಲಗೆ ಜಗ್ಗಿ. ಬಿರುಕು ಬಿಟ್ಟರೆ ಆ ಭಾಗ ನಡುವಿನ ಪದರಕ್ಕೆ ಹೋಗಲಿ, ಮೇಲೆ ಬೇಡ. ವರ್ಷಗಟ್ಟಲೆ ಮಡಚಿಟ್ಟ ಸೀರೆ ಮಡಿಕೆಯ ಗೆರೆಯಲ್ಲೇ ಸೀಳುವುದು ಹೆಚ್ಚು.

ಇಳಕಲ್ ಸೀರೆಯನ್ನು ಬೇರೆಯೇ ನೋಡಿಕೊಳ್ಳಿ. ಒಡಲು ನೂಲಿನದಿದ್ದರೂ ದಡಿ, ಕೆಂಪು ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ (ಕೃತಕ ರೇಷ್ಮೆಯದೋ) ಆಗಿರುತ್ತದೆ. ಎಷ್ಟೋ ವರ್ಷ ಉಟ್ಟದ್ದು, ಇನ್ನೇನು ಬಣ್ಣ ಬಿಟ್ಟೀತು ಎನ್ನಬೇಡಿ. ಅದನ್ನು ಸದಾ ತಣ್ಣೀರಲ್ಲೇ ಒಗೆದಿರುತ್ತಾರೆ, ಬೆಚ್ಚಗಿನ ನೀರು, ಸೋಪಿನ ಪುಡಿ ಅದಕ್ಕೆ ಹೊಸದು. ಬಿಳಿ ಬಟ್ಟೆಯ ಪರೀಕ್ಷೆ ಸೆರಗಿನ ಮೂಲೆಗೂ ಆಗಲಿ. ತಣ್ಣೀರಲ್ಲಿ, ಮೃದುವಾದ ಸೋಪಿನಲ್ಲಿ, ಕಲ್ಲಿಗೆ ಬಡಿಯದೆ ತೊಳೆಯಿರಿ. ಸೆರಗು, ದಡಿಯನ್ನು ಬೇರ್ಪಡಿಸಿ, ಹಿಂದೆ ತೆಳು ಹಳೇ ನೂಲಿನ ಬಟ್ಟೆ ಕೊಟ್ಟು ದೊಡ್ಡ ಕೌದಿಯ ಅಂಚಿಗೆ ಬಳಸಿದರೆ ಚೆಂದವೂ ಹೌದು, ಬಾಳಿಕೆಯೂ ಹೌದು. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ತುಂಡುಗಳಿಗೂ ಇದೇ ಮಾತು. ಕೂಸಿನ ಕೌದಿಗೆ ಇವೆರಡೂ ಬೇಡ, ಅದು ದಿನ ಬಿಟ್ಟು ದಿನ ಒಗೆಯುವ ವಸ್ತು.

ತಂಗಿ ಅಲ್ಲಿಂದ ಮೊದಲೇ ಕತ್ತರಿಸಿ ಕಟ್ಟು ಮಾಡಿದ 5 ಇಂಚಿನ ಚೌಕಗಳನ್ನೋ ಎರಡೂವರೆ ಇಂಚಿನ ಪಟ್ಟಿಗಳನ್ನೋ ಕಳಿಸಿದರೆ ಅವನ್ನು ಮಾತ್ರ ತೊಳೆಯಬೇಡಿ. ಅಂಚು ಬಿಚ್ಚಿ ಅಳತೆ ಕೆಡುತ್ತದೆ. ಅವುಗಳಿಂದಲೇ, ತೊಳೆಯದ ಹೊಸ ಅಸ್ತರಿನೊಂದಿಗೆ ಬೇರೆ ಹೊದಿಕೆ ಹೊಲಿಯಿರಿ, ಹಳೇ ಸೀರೆಯೊಂದಿಗೆ ಬೆರೆಸಬೇಡಿ. ಎಲ್ಲವೂ ಹೊಸದಾಗಿ ಒಟ್ಟಿಗೆ ಕುಗ್ಗಿದಾಗ ಬರುವ ಮೃದುವಾದ ನೆರಿಗೆ ಅನೇಕರಿಗೆ ಇಷ್ಟ, ಅದಕ್ಕೆಂದೇ ತೊಳೆಯದೆ ಹೊಲಿಯುವವರಿದ್ದಾರೆ.

ಇಷ್ಟೆಲ್ಲ ನೋಡಿಕೊಂಡ ಮೇಲೂ ಮಹಾನವಮಿಗೆ ಹಾಸಿಗೆ ಬಟ್ಟೆ ಒಗೆಯುವಾಗಲೋ ಮತ್ತೆ ಯಾವಾಗಲೋ ಬಣ್ಣ ಹರಿದದ್ದು ಕಂಡರೆ ಕೌದಿಯನ್ನು ಒಣಗಲು ಬಿಡಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ದೊಡ್ಡ ಟಬ್ಬಿನಲ್ಲಿ ಬಿಸಿನೀರು ತುಂಬಿ ಸೋಪಿನ ಪುಡಿ ಹಾಕಿ ಕೌದಿ ಪೂರ್ತಿ ಮುಳುಗುವಂತೆ ಅದುಮಿಡಿ, ಯಾವ ಮೂಲೆಯೂ ನೀರಿನಿಂದ ಮೇಲೆ ಏಳಬಾರದು. ರೇಷ್ಮೆ ದಡಿ ಇದ್ದರೆ ಉಗುರುಬೆಚ್ಚಗಿನ ನೀರೇ ಇರಲಿ. ಆರೇಳು ಗಂಟೆ ಬಿಟ್ಟು ನೀರು ನೋಡಿ. ಬಣ್ಣವಿದ್ದರೆ ಚೆಲ್ಲಿ ಮತ್ತೆ ತುಂಬಿ. ನೀರು ತಿಳಿಯಾಗುವವರೆಗೆ ಹೀಗೆ ಮಾಡಿದರೆ, ಒಣಗದ ಕಲೆ ಬಹುಮಟ್ಟಿಗೆ ಹೋಗುತ್ತದೆ.